ಸಾಸಿವೆಯ ಘಾಟು ಉಳಿಯಬೇಕೇ? ತಣ್ಣೀರಿನಲ್ಲಿ ಕಲಸಿ
ಸಾಸಿವೆ ಪುಡಿಯನ್ನು ತಣ್ಣೀರಿನಲ್ಲೇ ಕಲಸಿ, ಸುಮಾರು 10 ನಿಮಿಷ ಮುಚ್ಚಿಟ್ಟು, ಆಮೇಲಷ್ಟೇ ನಿಂಬೆರಸ ಅಥವಾ ವಿನೆಗರ್ ಸೇರಿಸಿ. ಇಡೀ ಕಾಳಿನಲ್ಲಿ ಈ ಘಾಟು ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಮೈರೋಸಿನೇಸ್ ಎಂಬ ಕಿಣ್ವವು ಸಿನಿಗ್ರಿನ್ ಎಂಬ ಸಂಯುಕ್ತವನ್ನು ವಿಭಜಿಸಿ, ಮೂಗಿಗೇರುವ ಎಣ್ಣೆಯನ್ನು ಹುಟ್ಟಿಸುತ್ತದೆ. ಕುದಿಯುವ ನೀರು ಈ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ಕಹಿಯೇ ಮುಂದಾಗುತ್ತದೆ. ಮೊದಲೇ ಹಾಕಿದ ಹುಳಿ ಅದರ ಕೆಲಸವನ್ನು ಕುಂಠಿತಗೊಳಿಸುತ್ತದೆ, ಆದರೆ ಘಾಟು ಏರಿದ ಮೇಲೆ ಹಾಕಿದ ಅದೇ ಹುಳಿ, ಸೋಜಿಗವೆನ್ನಿಸುವಂತೆ, ಅದನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಚೆನ್ನಾಗಿ ಹುರಿದ ಸಾಸಿವೆಗೆ ಈ ಉಪಾಯ ಫಲಿಸದು. ಬಿಳಿ ಸಾಸಿವೆಯಲ್ಲಿ ಸಿನಿಗ್ರಿನ್ ಬದಲು ಸಿನಾಲ್ಬಿನ್ ಇರುವುದರಿಂದ ಖಾರವು ನಾಲಿಗೆಯಲ್ಲೇ ನಿಲ್ಲುತ್ತದೆಯೇ ಹೊರತು ಮೂಗಿಗೆ ಅಷ್ಟಾಗಿ ಏರುವುದಿಲ್ಲ. ಕಲಸಿದ್ದನ್ನು ಕುದಿಸಿದರೂ ಘಾಟು ಆವಿಯಾಗಿ ಹೋಗುತ್ತದೆ.