ಯಹೂದಿ ಮನೆಗೆ ಸೇರುವ ಮುಂಚೆ: ರಬ್ಬಿ ಮೊದಲು, ಛತ್ರ ಆಮೇಲೆ

ನಮ್ಮಲ್ಲಿ ಮದುವೆ ಗೊತ್ತಾದ ಕೂಡಲೇ ಛತ್ರ ಹುಡುಕುತ್ತೇವೆ, ಉಳಿದದ್ದೆಲ್ಲ ಆಮೇಲೆ. ಅಮೆರಿಕದಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿ, ಯಹೂದಿ ಸಂಗಾತಿಯನ್ನು ಮೆಚ್ಚಿಕೊಂಡ ಕನ್ನಡದ ಹುಡುಗ ಹುಡುಗಿಯರೂ ಇದನ್ನೇ ಮಾಡುತ್ತಾರೆ. ಆರು ತಿಂಗಳು ಬಿಟ್ಟು ಹಾಲ್ ಬುಕ್ ಮಾಡಿ, ಅಷ್ಟರೊಳಗೆ ಮತಾಂತರ ಮುಗಿಸಿದರಾಯಿತು ಅಂದುಕೊಳ್ಳುತ್ತಾರೆ. ಆಗಲ್ಲ. ಹೀಬ್ರೂವಿನಲ್ಲಿ 'ಗಿಯೂರ್' ಅನ್ನುವ ಇದು ಸಾಮಾನ್ಯವಾಗಿ ಒಂದು ವರ್ಷ ಹಿಡಿಯುತ್ತದೆ, ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಗಡದಲ್ಲಿ ಇನ್ನೂ ಜಾಸ್ತಿ.

ಮೊದಲು, ಇದು ಬೇಕೇ ಬೇಕಾ ನೋಡಿ. ಕಾನೂನಿಗಂತೂ ಬೇಡ. ಅಮೆರಿಕದಲ್ಲಿ ಮ್ಯಾರೇಜ್ ಲೈಸೆನ್ಸ್ ಸಾಕು, ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇದೆ. (ಇಸ್ರೇಲಿನಲ್ಲಿ ಸಿವಿಲ್ ಮದುವೆಯೇ ಇಲ್ಲ, ಎಷ್ಟೋ ಜೋಡಿಗಳು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತವೆ.) ಹೆಣ್ಣಿನ ಮೇಲೆ ಒತ್ತಡ ಜಾಸ್ತಿ. ಆರ್ಥೊಡಾಕ್ಸ್ ಮತ್ತು ಅದಕ್ಕಿಂತ ಸ್ವಲ್ಪ ಸಡಿಲವಾದ ಕನ್ಸರ್ವೇಟಿವ್ ಪಂಗಡಗಳಲ್ಲಿ ತಾಯಿ ಯಹೂದಿಯಾದರೆ ಮಾತ್ರ ಮಗು ಹುಟ್ಟಿನಿಂದ ಯಹೂದಿ. ಆದರೆ ಅಮೆರಿಕದ ಉದಾರವಾದಿ ರಿಫಾರ್ಮ್ ಪಂಗಡದವರು 1983ರಿಂದ, ಮಗುವನ್ನು ಯಹೂದಿಯಾಗಿ ಬೆಳೆಸಿದರೆ, ತಂದೆಯ ಕಡೆಯನ್ನೂ ಒಪ್ಪುತ್ತಾರೆ.

ಬೇಕು ಅಂತಾದರೆ ಸಂಗಾತಿಯ ಮನೆಯವರು ಯಾವ ಪಂಗಡ ಅಂತ ಕೇಳಿ. ರಿಫಾರ್ಮ್‌ನಲ್ಲಿ ಮತಾಂತರವಾದವರನ್ನು ಆರ್ಥೊಡಾಕ್ಸ್‌ನವರು ಯಹೂದಿ ಎಂದು ಒಪ್ಪುವುದಿಲ್ಲ. ಹುಡುಗನ ಮನೆಹೆಸರು ಕೋಹೆನ್, ಕಾಟ್ಜ್ ಅಂತೇನಾದರೂ ಇದ್ದರೆ ಪುರೋಹಿತ ವಂಶದವರಾ ಅಂತಲೂ ಕೇಳಲೇಬೇಕು. ಪುರೋಹಿತ ವಂಶದ ಗಂಡು ಮತಾಂತರವಾದ ಹೆಣ್ಣನ್ನು ಮದುವೆಯಾಗುವಂತಿಲ್ಲ ಅನ್ನುವುದು ಆರ್ಥೊಡಾಕ್ಸ್ ನಿಯಮ. ಎರಡು ವರ್ಷ ಕಲಿತ ಮೇಲೆ ಇದು ಗೊತ್ತಾದರೆ ಏನು ಗತಿ ಹೇಳಿ.

ಈಗ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಮೊದಲ ಸಲವೇ 'ಬೇಡ' ಅಂದರೆ ಬೇಜಾರಾಗಬೇಡಿ. ಮೂರು ಸಲ ವಾಪಸ್ ಕಳಿಸುವ ಹಳೇ ಪದ್ಧತಿ ಇದೆ, ಬೈಬಲಿನಲ್ಲಿ ಅತ್ತೆ ನೊವೊಮಿ ಸೊಸೆ ರೂತ್‌ಗೆ ತವರಿಗೆ ಹಿಂತಿರುಗು ಎಂದ ಕಥೆಯ ನೆನಪಿಗೆ. ಬರೀ ಮದುವೆಗೋಸ್ಕರ ಬಂದವರನ್ನು ಆರ್ಥೊಡಾಕ್ಸ್ ರಬ್ಬಿಗಳು ಹತ್ತಿರ ಸೇರಿಸುವುದೇ ಕಷ್ಟ. ಹಾಗಂತ ಸುಳ್ಳು ಹೇಳಬೇಡಿ, ಸಂಗಾತಿಯನ್ನೂ ಜೊತೆಗೆ ಕರೆದುಕೊಂಡೇ ಹೋಗಿ.

ಆಮೇಲೆ ಕಲಿಕೆ. ಹೀಬ್ರೂ ಅಕ್ಷರ, ಪ್ರಾರ್ಥನೆ, ಹಬ್ಬಗಳು, ಶುಕ್ರವಾರ ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮುಂಚೆ ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ದೀಪ. ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಮುಸುರೆ ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ. ಸೊಪ್ಪಿನಲ್ಲಿ ಹುಳ ಇದೆಯಾ ಅಂತ ಎಲೆ ಎಲೆ ತಿರುಗಿಸಿ ನೋಡುವುದೂ ನಿಯಮವೇ, ನಮ್ಮಜ್ಜಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕಷ್ಟ ಇರುವುದು ದೇವರ ಮನೆಯಲ್ಲಿ. ಒಬ್ಬನೇ ದೇವರು, ಮೂರ್ತಿ ಇಲ್ಲ, ಬೇರೆ ಪೂಜೆ ಇಲ್ಲ. ಅಮ್ಮ ಕೊಟ್ಟು ಕಳಿಸಿದ ಪುಟ್ಟ ಗಣಪತಿಯನ್ನು ಏನು ಮಾಡುತ್ತೀರಿ? ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಮಂಗಳಾರತಿ ತಟ್ಟೆ ಮುಂದೆ ಬಂದರೆ? ಇದನ್ನು ರಬ್ಬಿ ಹತ್ತಿರ ಎಷ್ಟು ಬಿಡಿಸಿ ಕೇಳುತ್ತೀರೋ ಅಮ್ಮನ ಹತ್ತಿರವೂ ಅಷ್ಟೇ ಬಿಡಿಸಿ ಹೇಳಿ, ಕೊನೆ ಗಳಿಗೆಗೆ ಇಟ್ಟುಕೊಂಡರೆ ರಂಪವಾಗುತ್ತದೆ. ಆಸ್ತಿ ವಿಷಯವೂ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಪ್ರಕಾರ, ಮತಾಂತರದ ನಂತರ ಹುಟ್ಟಿದ ಮಕ್ಕಳು ಹಿಂದೂಗಳಾಗಿ ಉಳಿಯದಿದ್ದರೆ ಅಜ್ಜ ಅಜ್ಜಿಯಂಥ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ವಿಲ್ ಬರೆಸುವುದಿದ್ದರೆ ವಕೀಲರನ್ನು ಕಾಣಿ.

ಕೊನೆಯ ದಿನ 'ಬೇತ್ ದಿನ್' ಎಂಬ ಮೂವರ ಧಾರ್ಮಿಕ ನ್ಯಾಯಪೀಠದ ಮುಂದೆ ಕೂರಬೇಕು. ಯಾಕೆ ಬಂದೆ, ಏನು ಕಲಿತೆ, ಹೇಗೆ ಬದುಕುತ್ತೀಯ ಅಂತ ಕೇಳುತ್ತಾರೆ. ಗಂಡಸರಿಗೆ ಅದಕ್ಕೆ ಮುಂಚೆ ಸುನ್ನತಿ, ಮೊದಲೇ ಆಗಿದ್ದರೆ ಒಂದು ಹನಿ ರಕ್ತ ಅಷ್ಟೇ. ಆಮೇಲೆ 'ಮಿಕ್ವೆ' ಎಂಬ ಕೊಳದಲ್ಲಿ ಪೂರ್ತಿ ಮುಳುಗಬೇಕು. ಉಗುರುಬಣ್ಣ, ಮೂಗುತಿ, ಕಾಂಟ್ಯಾಕ್ಟ್ ಲೆನ್ಸ್ ಯಾವುದೂ ಇರಬಾರದು, ಒಂದು ಕೂದಲೂ ಮೇಲೆ ತೇಲಬಾರದು. ರಿಫಾರ್ಮ್‌ನಲ್ಲಿ ಕೆಲವು ಕಡೆ ಇವೆಲ್ಲ ಸ್ವಲ್ಪ ಸಡಿಲ. ಹೊಸ ಹೀಬ್ರೂ ಹೆಸರು ಸಿಗುತ್ತದೆ, ಅದರ ಜೊತೆ 'ಅಬ್ರಹಾಂ ಮತ್ತು ಸಾರಾಳ ಮಗಳು' ಅಥವಾ 'ಮಗ' ಅಂತ ಸೇರುತ್ತದೆ. ಸರ್ಟಿಫಿಕೇಟಿನ ಮೂಲಪ್ರತಿ ಜೋಪಾನ, ಮುಂದೆ ಮಕ್ಕಳಿಗೂ ಬೇಕಾಗಬಹುದು.

ತಾರೀಕು ಈಗ ನೋಡಿ. ಆರ್ಥೊಡಾಕ್ಸ್‌ನಲ್ಲಿ ಮತಾಂತರವಾದ ಹೆಣ್ಣು ಮದುವೆಗೆ 90 ದಿನ ಕಾಯಬೇಕು. ವಸಂತದಲ್ಲಿ ಬರುವ ಪಾಸೋವರ್ ಹಬ್ಬ ಶುರುವಾದ ಮೇಲಿನ ಏಳು ವಾರದಲ್ಲಿ ಬಹುಪಾಲು ದಿನ ಮದುವೆ ಮಾಡುವುದಿಲ್ಲ, ನಮ್ಮ ಆಷಾಢ ಇದ್ದ ಹಾಗೆ. ಶಬ್ಬಾತ್ ಇರುವುದರಿಂದ ಶನಿವಾರ ನಕ್ಷತ್ರ ಕಾಣುವ ತನಕವೂ ಇಲ್ಲ. ಇಷ್ಟನ್ನು ಕ್ಯಾಲೆಂಡರಿನಲ್ಲಿ ಹೊಡೆದು ಹಾಕಿ, ಉಳಿದ ದಿನಗಳಲ್ಲಿ ಒಂದಕ್ಕೆ ರಬ್ಬಿ ಹೂಂ ಅಂದ ಮೇಲೆ ಹಾಲ್‌ನವರಿಗೆ ಅಡ್ವಾನ್ಸ್ ಕೊಡಿ.