ಮೂವತ್ತು ಮಿಲಿಮೀಟರ್ ಮುರಕಲ್ಲು: ನನ್ನ ಅನುಭವ

ತೆಳುವಾಗಿ ಕೊಯ್ದರೆ ಮುರಕಲ್ಲು (ಲ್ಯಾಟರೈಟ್, ಕರಾವಳಿಯ ತೂತುತೂತಿನ ಕೆಂಪು ಕಲ್ಲು) ನಿಲ್ಲುವುದಿಲ್ಲ ಅಂತ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ಹಳೆಯ ಗುತ್ತಿಗೆದಾರರೆಲ್ಲ ಹೇಳಿದ್ದರು. ಬೆಂಗಳೂರಿನ ಐದು ಮಹಡಿಯ ಆಫೀಸ್ ಕಟ್ಟಡದ ಮುಂಭಾಗಕ್ಕೆ ನಮ್ಮ ಕಲ್ಲು ಕೂರಿಸಿ ಮೂರು ಮಳೆಗಾಲ ಆಯಿತು. ಒಂದು ಹಲಗೆಯೂ ಬಿದ್ದಿಲ್ಲ. ಅದೇ ಆರ್ಕಿಟೆಕ್ಟ್ ಸಂಸ್ಥೆಯ ಇನ್ನೆರಡು ಕೆಲಸ ಈಗ ನನ್ನ ಕೈಯಲ್ಲಿವೆ.

ಅವರು ಮೊದಲು ಕೇಳಿದ್ದು ನಾಲ್ಕಿಂಚು ದಪ್ಪದ ಕಲ್ಲು. ಚದರಡಿಗೆ ಹೆಚ್ಚುಕಮ್ಮಿ 18-20 ಕಿಲೋ ಆಗುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಖಡಾಖಂಡಿತ ಬೇಡ ಅಂದರು. ಕೊನೆಗೆ 30 ಮಿಲಿಮೀಟರಿಗೆ ಒಪ್ಪಿದರು.

ಸೈಟಿನವರ ಅವಸರಕ್ಕೆ ಮೊದಲ ಲೋಡನ್ನು ಕೋರೆಯಿಂದ ಬಂದ ಹಸಿ ಕಲ್ಲಿನಲ್ಲೇ ಕೊಯ್ದು ಕಳಿಸಬೇಕಾಯಿತು. ಹಸಿ ಕಲ್ಲು ಬ್ಲೇಡಿಗೆ ಸುಲಭ, ಅಲ್ವಾ? ಆದರೆ ಶಿರಾಡಿ ಘಾಟಿ ದಾಟಿ ಇಳಿಸುವಾಗ ಮೂರರಲ್ಲಿ ಒಂದು ಪಾಲಿನ ಮೂಲೆ ಹೋಗಿತ್ತು. ಉಳಿದವುಗಳ ತೂತುಗಳಲ್ಲಿ ಬಿಳಿ ಜೇಡಿ. ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಬಾಡಿಗೆಯೂ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಮೇಲಿಂದ ಅಲ್ಲಿನ ಪೇಂಟಿಂಗ್ ಗುತ್ತಿಗೆದಾರರು ಮಾದರಿ ಗೋಡೆಗೆ ಹೊಳೆಯುವ ವಾರ್ನಿಷ್ ಬಳಿದರು. ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಅದು ಕಲ್ಲಿನ ಪುಡಿ ಸಮೇತ ಸಿಪ್ಪೆ ಎದ್ದಿತು.

ಆಮೇಲೆ ನಾನು ಹಟ ಹಿಡಿದೆ. ಮೇ ತಿಂಗಳಲ್ಲೇ ಕಲ್ಲು ತರಿಸಿ ಒಂದು ಮಳೆಗಾಲ ಪೂರ್ತಿ ಅಂಗಳದಲ್ಲಿ ಬಿಟ್ಟೆ. ನಮ್ಮ ಮಳೆ ಜೇಡಿಯನ್ನು ತೊಳೆದು ತೆಗೆಯುತ್ತದೆ. ಗಟ್ಟಿ ಯಾವುದು, ಪೊಳ್ಳು ಯಾವುದು ಕಣ್ಣಿಗೇ ಕಾಣುತ್ತದೆ. ನಾಲ್ಕರಲ್ಲಿ ಒಂದನ್ನು ಪಕ್ಕಕ್ಕೆ ಹಾಕಿದೆ. ಒಣಗಿದ ಮೇಲೆ ಕೊಯ್ಯುವಾಗ ಬ್ಲೇಡಿನ ಖರ್ಚು ಸುಮಾರು ದುಪ್ಪಟ್ಟು, ಆದರೆ ಅಂಚು ಚೂಪಾಗಿ ಬರುತ್ತದೆ. ಮುರಕಲ್ಲಿಗೆ ಇರುವ ಭಾರತೀಯ ಮಾನದಂಡ ಐಎಸ್ 3620ರ ಪ್ರಕಾರ ಕಲ್ಲು ನೂರಕ್ಕೆ 12ಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಅಂದರೆ ಒಣಗಿದ 10 ಕಿಲೋ ಕಲ್ಲು 24 ಗಂಟೆ ನೆನೆದ ಮೇಲೆ 11.2 ಕಿಲೋ ದಾಟಬಾರದು. ಲ್ಯಾಬಿಗೆ ಕಳಿಸುವ ಮೊದಲು ತಕ್ಕಡಿಯಲ್ಲಿ ನಾನೇ ನೋಡಿಕೊಳ್ಳುತ್ತೇನೆ. ಕೋರೆಯಲ್ಲಿ ಕೆಳಗೆ ಹೋದಷ್ಟೂ ಜೇಡಿ ಹೆಚ್ಚು. ನಾನು ಯಾವ ಕೋರೆಯ ಯಾವ ಪದರ ತೆಗೆಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಕೂರಿಸಲು ಪ್ರತಿ ಮಹಡಿಗೆ ಸ್ಟೀಲ್ ಆಂಗಲ್, ಪ್ರತಿ ಹಲಗೆಗೆ ಸ್ಟೇನ್‌ಲೆಸ್ ಪಿನ್. ಸಂದಿಗೆ ಸುಣ್ಣದ ಗಾರೆ, ಅದಕ್ಕೆ ಇದೇ ಕಲ್ಲಿನ ಜರಡಿ ಹಿಡಿದ ಪುಡಿ. ಪ್ರಮಾಣ ಹೇಳುವುದಿಲ್ಲ. ದೂರದಿಂದ ಸಂದಿಯೇ ಕಾಣುವುದಿಲ್ಲ, ಅಷ್ಟಂತೂ ಹೇಳಬಲ್ಲೆ. ಬೆಲ್ಲದ ನೀರು ಬೆರೆಸಿಯೂ ನೋಡಿದೆ. ಗಟ್ಟಿಯಾಗಲು ಬಹಳ ದಿನ ಬೇಕಾಯಿತು, ಸೈಟಿಗೆ ಅಷ್ಟು ಪುರುಸೊತ್ತಿಲ್ಲ. ಆ ಗಾರೆ ನನ್ನ ಶೆಡ್ಡಿನ ಕಂಪೌಂಡಿನಲ್ಲಿ ಚೆನ್ನಾಗಿ ನಿಂತಿದೆ. ಮೇಲಿಂದ ನೀರು ಹಿಡಿಯದಂತೆ ಬಳಿಯುವ ಸಿಲೇನ್-ಸಿಲಾಕ್ಸೇನ್ ದ್ರಾವಣ ಮಾತ್ರ. ಅದು ಕಲ್ಲಿನೊಳಗೆ ಇಳಿಯುತ್ತದೆ, ಹೊಳಪಿಲ್ಲ, ತೇವ ಹೊರಗೆ ಬರುತ್ತದೆ.

ದರ ಎಲ್ಲ ಸೇರಿ ಚದರಡಿಗೆ 350ರ ಆಸುಪಾಸು. ಹಣ ಕೊಡುವವರು ಕಟ್ಟಡದ ಮಾಲೀಕರು, ಆದರೆ ಬಿಲ್ಲಿಗೆ ಆರ್ಕಿಟೆಕ್ಟ್ ಸಹಿ ಬೇಕು. ಬಿಲ್ಲಿನ ನೂರಕ್ಕೆ ಐದು ಭಾಗವನ್ನು ಒಂದು ವರ್ಷ ಹಿಡಿದಿಡುತ್ತಾರೆ. ಮಳೆಗಾಲ ಪೂರ್ತಿ ಅಂಗಳದಲ್ಲಿ ಕೂತ ಕಲ್ಲಿನ ಬಡ್ಡಿ ನಮ್ಮ ತಲೆಗೆ ಬರುತ್ತದೆ. ಹಾಗಾಗಿ ಈಗ ಏಪ್ರಿಲ್ ಒಳಗೆ 30 ಶೇಕಡಾ ಮುಂಗಡ ಬಾರದೆ ನಾನು ಕೋರೆಗೆ ಲಾರಿ ಕಳಿಸುವುದಿಲ್ಲ.