ಬೇರಿಂಗ್ ಉಳಿಸಿದ ನ್ಯಾನೊ ರಿಂಗ್: ನನ್ನ ಅನುಭವ

ದೊಡ್ಡ ಬ್ಲೋವರ್ ಮೋಟರ್ ಅದು. ನೇರ ಸಪ್ಲೈ ಮೇಲೆ ಇದ್ದಾಗ ತಕರಾರೇ ಇರಲಿಲ್ಲ. ವೇಗ ಹೆಚ್ಚು ಕಡಿಮೆ ಮಾಡೋಕೆ ವಿಎಫ್‌ಡಿ ಡ್ರೈವ್ (ಸಪ್ಲೈಯ ಫ್ರೀಕ್ವೆನ್ಸಿ ಬದಲಿಸುವ ಸಾಧನ) ಹಾಕಿದ ಮೇಲೆ ಬೇರಿಂಗ್ ಪದೇ ಪದೇ ಹೋಗತೊಡಗಿತು.

ಹೋದ ಬೇರಿಂಗ್ ಒಂದನ್ನು ಕತ್ತರಿಸಿ ನೋಡಿದೆ. ಹೊರ ರಿಂಗ್‌ನ ಒಳಮೈಯಲ್ಲಿ, ಗುಂಡುಗಳು ಓಡುವ ದಾರಿಗೆ ಅಡ್ಡಡ್ಡ ಬೂದು ಗೆರೆಗಳು, ಎಲ್ಲ ಸಮ ಅಂತರದಲ್ಲಿ. ಗ್ರೀಸ್ ಕಪ್ಪಾಗಿತ್ತು. ಅಲೈನ್‌ಮೆಂಟ್ ತಪ್ಪಿದರೆ ಇಂಥ ಗೆರೆ ಬೀಳುವುದಿಲ್ಲ. ಇದು ಕರೆಂಟ್ ಹಾದುಹೋದ ಗುರುತು.

ಮೂರೂ ಫೇಸ್‌ನ ವೋಲ್ಟೇಜ್ ಕೂಡಿದರೆ ಸೊನ್ನೆ ಬರಬೇಕು ಅಲ್ವಾ? ಡ್ರೈವ್‌ನಿಂದ ಹೊರಟಾಗ ಬರುವುದಿಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಪ್ರತಿ ಸಲವೂ ವೈಂಡಿಂಗ್‌ನಿಂದ ಮೋಟರ್ ಬಾಡಿಗೆ ಒಂದಿಷ್ಟು ಕರೆಂಟ್ ಚಿಮ್ಮುತ್ತದೆ. ದೊಡ್ಡ ಮೋಟರ್‌ನಲ್ಲಿ ಇದರಿಂದ ಶಾಫ್ಟ್‌ನ ಎರಡು ತುದಿಗಳ ನಡುವೆ ವೋಲ್ಟೇಜ್ ಹುಟ್ಟಿ, ಕರೆಂಟ್ ಒಂದು ಬೇರಿಂಗ್‌ನಿಂದ ಬಾಡಿ ದಾಟಿ ಇನ್ನೊಂದು ಬೇರಿಂಗ್‌ಗೆ ಸುತ್ತುತ್ತದೆ. ಸಾದಾ ಕ್ಲಾಂಪ್ ಮೀಟರ್‌ಗೆ ಇದು ಸಿಗುವುದಿಲ್ಲ. ಮೂರೂ ಫೇಸ್ ಸೇರಿಸಿ ರೊಗೋವ್‌ಸ್ಕಿ ಕಾಯಿಲ್ (ಚಟ್ಟನೆ ಬದಲಾಗುವ ಕರೆಂಟ್ ಅಳೆಯುವ ಸುರುಳಿ) ಸುತ್ತಿ ಆಸಿಲೋಸ್ಕೋಪ್‌ನಲ್ಲಿ ನೋಡಿದಾಗ ಚೂಪು ಚೂಪಾದ ಮುಳ್ಳುಗಳು ಕಂಡವು.

ಈ ಮುಳ್ಳುಗಳನ್ನು ತಗ್ಗಿಸಲು ನಾನು ಆರಿಸಿದ್ದು ನ್ಯಾನೊಕ್ರಿಸ್ಟಲೈನ್ ರಿಂಗ್, ಅಂದರೆ ಮೋಟರ್‌ನ ವೈರ್‌ಗಳ ಸುತ್ತ ಹಾಕುವ, ಅತಿ ಸಣ್ಣ ಕಣಗಳ ಲೋಹದ ಬಳೆ. 1988ರಲ್ಲಿ ಜಪಾನಿನ ಹಿಟಾಚಿ ಮೆಟಲ್ಸ್‌ನವರು ಪ್ರಕಟಿಸಿದ ಮಿಶ್ರಲೋಹದ ಜಾತಿ ಇದು. ಕಬ್ಬಿಣ, ಸಿಲಿಕಾನ್, ಬೋರಾನ್, ಜೊತೆಗೆ ಚೂರು ನಿಯೋಬಿಯಂ, ತಾಮ್ರ. ಕರಗಿದ ಲೋಹವನ್ನು ಜೋರಾಗಿ ತಿರುಗುವ ಚಕ್ರದ ಮೇಲೆ ಸುರಿದರೆ ಸುಮಾರು 20 ಮೈಕ್ರಾನ್ ದಪ್ಪದ ಪಟ್ಟಿ ಸಿಗುತ್ತದೆ. ಅದನ್ನು ರಿಂಗ್ ಮಾಡಿ ಸುಮಾರು 550 ಡಿಗ್ರಿಯಲ್ಲಿ ಕಾಯಿಸಿದರೆ 10-15 ನ್ಯಾನೊಮೀಟರ್‌ನ ಕಣಗಳು ಮೂಡುತ್ತವೆ. ಅಷ್ಟು ಸಣ್ಣ ಕಣಗಳಿದ್ದಾಗ ಲೋಹ ಕಾಂತಕ್ಕೆ ತುಂಬ ಸುಲಭವಾಗಿ ಒಲಿಯುತ್ತದೆ. ಇದು ಸುಮಾರು 1.2 ಟೆಸ್ಲಾ (ಕಾಂತಬಲದ ಅಳತೆ) ತನಕ ತಾಳುತ್ತದೆ, ಆಮೇಲೆ ತುಂಬಿಹೋಗಿ ಕೆಲಸಕ್ಕೆ ಬಾರದು; ಸಾಮಾನ್ಯವಾಗಿ ಬಳಸುವ ಫೆರೈಟ್ ಎಂಬ ಕಾಂತೀಯ ಪಿಂಗಾಣಿ ಅರ್ಧ ಟೆಸ್ಲಾಕ್ಕೂ ಮೊದಲೇ ಕೈಚೆಲ್ಲುತ್ತದೆ. ಆದರೆ ಕಾಯಿಸಿದ ಪಟ್ಟಿ ಗಾಜಿನಷ್ಟು ಪೆಡಸು. ಪ್ಲಾಸ್ಟಿಕ್ ಡಬ್ಬಿಯೊಳಗೇ ಬರುತ್ತದೆ, ಬೀಳಿಸಬೇಡಿ.

ನ್ಯಾನೊ ಅಂದರೆ ಕೆಲವರಿಗೆ ಕಾರ್ಬನ್ ನ್ಯಾನೊಟ್ಯೂಬ್ ನೆನಪಾಗುತ್ತದೆ. ಫಿನ್ಲೆಂಡಿನ ಲಪ್ಪೇನ್‌ರಾಂಟಾದಲ್ಲಿ 2014ರಲ್ಲಿ ತಾಮ್ರದ ಬದಲು ಅದರ ನೂಲು ಸುತ್ತಿ ಸಣ್ಣ ಮೋಟರ್ ಓಡಿಸಿದ್ದಾರೆ. ಚೆಂದದ ಕೆಲಸ, ಆದರೆ ನನ್ನ ಬ್ಲೋವರ್‌ಗೆ ಅದು ಸದ್ಯಕ್ಕೆ ದೂರ.

ರಿಂಗ್ ಹಾಕುವಾಗ ಜಾಗ ಮುಖ್ಯ. ಡ್ರೈವ್‌ನ ಔಟ್‌ಪುಟ್ ಬಳಿ ಮೂರೂ ಫೇಸ್ ವೈರ್‌ಗಳು ಒಟ್ಟಿಗೆ ಒಳಗೆ ಹೋಗಬೇಕು. ಅರ್ಥ್ ವೈರ್, ಕೇಬಲ್‌ನ ಶೀಲ್ಡ್ ಎರಡೂ ಹೊರಗಿರಬೇಕು. ಸೋರಿದ ಕರೆಂಟ್ ವಾಪಸ್ ಬರುವುದು ಅವುಗಳಲ್ಲೇ. ಅದೂ ಒಳಗೆ ಹೋದರೆ ಹೋದದ್ದಕ್ಕೆ ಬಂದದ್ದು ವಜಾ ಆಗಿ ರಿಂಗ್ ಸುಮ್ನೆ ನೇತಾಡುತ್ತದೆ. ಫೇಸ್‌ಗಳ ಲೋಡ್ ಕರೆಂಟ್ ಕೂಡ ಹೀಗೇ ತಾನೇ ವಜಾ ಆಗುತ್ತದೆ, ಅದಕ್ಕೇ ನೂರಾರು ಆಂಪಿಯರ್ ಹರಿದರೂ ರಿಂಗ್ ತುಂಬಿಹೋಗುವುದಿಲ್ಲ.

ಎಷ್ಟು ರಿಂಗ್ ಬೇಕು? ಕೇಬಲ್ ಉದ್ದವಾದಷ್ಟು ಜಾಸ್ತಿ. ತಯಾರಕರ ಪಟ್ಟಿಯಿಂದ ಶುರು ಮಾಡಿ, ಓಡಿಸಿ, ಟೆಂಪರೇಚರ್ ಗನ್ ಹಿಡಿದು ನೋಡಿದೆ. ರಿಂಗ್ ಕಾಯುತ್ತಿದ್ದರೆ ಅದು ತುಂಬಿಹೋಗುತ್ತಿದೆ ಎಂದರ್ಥ, ಪಕ್ಕದಲ್ಲಿ ಇನ್ನೊಂದು ಸೇರಿಸಬೇಕು. ಸಾಕಷ್ಟು ಆದ ಮೇಲೆ ಸ್ಕೋಪ್‌ನ ಮುಳ್ಳುಗಳು ಗಿಡ್ಡವಾಗಿ ಅಗಲವಾದವು. ಮೋಟರ್‌ನಲ್ಲಿ ಬ್ಲೋವರ್ ಜೋಡಿಸಿದ ತುದಿ ಬಿಟ್ಟು ಆಚೆ ತುದಿಗೆ ಇನ್ಸುಲೇಟೆಡ್ (ಕರೆಂಟ್ ಹಾಯಲು ಬಿಡದ) ಬೇರಿಂಗ್ ಕೂಡ ಹಾಕಿಸಿದೆ. ರಿಂಗ್ ಒಂದನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಸಣ್ಣ ಮೋಟರ್‌ನ ಕಥೆ ಬೇರೆ. ಅಲ್ಲಿ ಕಾಟ ಕೊಡುವುದು ಶಾಫ್ಟ್ ಮೇಲೆ ಕೂಡಿಕೊಳ್ಳುವ ವೋಲ್ಟೇಜ್. ಗ್ರೀಸ್‌ನ ತೆಳು ಪದರ ಒಡೆದು ಕಿಡಿ ಹಾರುತ್ತದೆ. ರಿಂಗ್ ಕರೆಂಟ್ ತಗ್ಗಿಸುತ್ತದೆಯೇ ಹೊರತು ಆ ವೋಲ್ಟೇಜನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ಸಣ್ಣ ಮೋಟರ್‌ಗೆ ನಾನು ಮೊದಲು ಹಾಕಿಸುವುದು ಶಾಫ್ಟ್ ಅರ್ಥಿಂಗ್ ಬ್ರಷ್, ಅಂದರೆ ತಿರುಗುವ ಶಾಫ್ಟ್‌ಗೆ ತಾಗಿಕೊಂಡು ಆ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಬ್ರಷ್.